ವೆಬ್‌ಸೈಟಿನ ದಲ್ಲಾಳಿ

ಜುಲೈ ೪, ಗುರುವಾರ

ದಿನಾ ಏನಾದರೂ ಬರೆಯಿರಿ ಅಂದಿದ್ದಾರೆ ಮಾತು ಕಲಿಸುವ ಅನಿತಾ ಮೇಡಂ. ಬರೆದೆ. ಅಕ್ಷರ ಸೊಟ್ಟಗಾಗುತ್ತದೆ. ಇವತ್ತಿಗೆ ಸಾಕು.

ಜುಲೈ ೬, ಶನಿವಾರ

ಬರೆದದ್ದನ್ನು ಆಮೇಲೆ ಗಟ್ಟಿಯಾಗಿ ಓದಬೇಕಂತೆ. ಬರೆಯುವುದನ್ನು ಬರೆಯುತ್ತೇನೆ, ಓದುವುದು ಮಾತ್ರ ಆಗದ ಮಾತು. ಬಾಯಲ್ಲಿ ಬಿಸಿ ಕಡುಬು ಇಟ್ಟುಕೊಂಡವನ ಮಾತು ಯಾರಿಗೆ ಬೇಕು? ಹೆಂಡತಿ ಬಾಳವ್ವನಿಗೂ ಓದಿ ಹೇಳುವುದಿಲ್ಲ.

ಜುಲೈ ೯, ಮಂಗಳವಾರ

ಇವತ್ತು ರೋಣಕ್ಕೆ ಹೋಗುವ ದಿನ. ಬಸ್ಸಿನಲ್ಲಿ ಬಾಳವ್ವ ಪಕ್ಕದಲ್ಲಿ ಕೂತಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ನನ್ನ ಹೆಂಡತಿ ನನಗೆ ಖರ್ಚಿಲ್ಲದ ನಾಲಿಗೆಯಾಗಿದ್ದಾಳೆ. ಕಂಡಕ್ಟರ್ ಬಂದರೆ ಆಕೆಯೇ "ಇವರದೊಂದು ರೋಣ ಕೊಡಪಾ" ಅನ್ನುತ್ತಾಳೆ. ನಾನು ಕಿಟಕಿಯಾಚೆ ನೋಡುತ್ತೇನೆ.

ಒಂದು ಕಾಲಕ್ಕೆ ಗಜೇಂದ್ರಗಡದ ದನದ ಸಂತೆಯಲ್ಲಿ ರಾಜೂರಿನ ಅಂದಾನೆಪ್ಪ ಈ ಮೂಲೆಯಲ್ಲಿ ಕೂಗಿದರೆ ಆ ಮೂಲೆಯ ಎತ್ತು ಕಿವಿ ನಿಮಿರಿಸುತ್ತಿತ್ತು. ನಲವತ್ತು ವರ್ಷ ದಲ್ಲಾಳಿ ಕೆಲಸ ಮಾಡಿದೆ. ಸಂಕ್ರಾಂತಿ ಮುಗಿದ ವಾರ ಲಕ್ವಾ ಹೊಡೆಯಿತು. ಕಾಲು ಬಂತು, ಬಲಗೈ ಮುಕ್ಕಾಲು ಬಂತು, ನಾಲಿಗೆ ಮಾತ್ರ ಕೊರಡಾಗಿ ಉಳಿಯಿತು. ಹೇಳಬೇಕಾದದ್ದೆಲ್ಲ ತಲೆಯಲ್ಲಿ ಸರಿಯಾಗಿಯೇ ಇದೆ. ಹೊರಗೆ ಬರುವಾಗ ಎಡವಿ ಬೀಳುತ್ತದೆ. ಮನೆಯೊಳಗೆ ಬಾಳವ್ವನ ಮುಂದೆ ನಾಲ್ಕು ಮಾತು ಆಡುತ್ತೇನೆ. ಹೊಸ್ತಿಲಾಚೆ ಒಂದೂ ಇಲ್ಲ.

ಅನಿತಾ ಮೇಡಂ ನರಗುಂದದ ಹುಡುಗಿ. ಮೈಸೂರಿಗೆ ಹೋಗಿ ಮಾತು ಕಲಿಸುವ ವಿದ್ಯೆ ಕಲಿತು ಬಂದು, ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದಂಗಡಿಯ ಮೇಲೆ ಒಂದು ಖೋಲಿ ಹಿಡಿದಿದ್ದಾರೆ. ಜನ ಮಾತಿನ ದವಾಖಾನಿ ಅನ್ನುತ್ತಾರೆ. ಅಲ್ಲಿ ನನ್ನ ಜೊತೆ ಓದುವ ಇನ್ನೊಬ್ಬ ವಿದ್ಯಾರ್ಥಿಗೆ ನಾಲ್ಕು ವರ್ಷ. ಇಬ್ಬರಿಗೂ ಒಂದೇ ಪಾಠ: ಪಪಪ, ತತತ, ರರರ. ಅವನ ರಕಾರ ನನ್ನದಕ್ಕಿಂತ ಚೆನ್ನಾಗಿದೆ.

ಜುಲೈ ೨೩, ಮಂಗಳವಾರ

ಪಾಠ ಮುಗಿದ ಮೇಲೆ ಮೇಡಂ ಎದುರಿಗೆ ಕೂತರು.

"ಅಜ್ಜಾರ, ನಿಮಗ ಮೊದಲ ಹೇಳತೀನ್ರಿ. ದೀಪಾವಳಿ ತನಕ ನೋಡತೀನಿ. ಹುಬ್ಬಳ್ಳ್ಯಾಗ ಒಂದು ದೊಡ್ಡ ದವಾಖಾನಿಯವರು ನೌಕರಿಗೆ ಕರದಾರ. ಇಲ್ಲಿ ಪೇಶಂಟ್ ಬರಲಿಲ್ಲಂದ್ರ ಈ ಖೋಲಿ ಬಿಟ್ಟು ಹೋಗೂದ."

ಬಾಳವ್ವ ಅಲ್ಲಿಯೇ ಸೆರಗು ಬಾಯಿಗಿಟ್ಟುಕೊಂಡಳು. "ಹಂಗಂದ್ರ ಇವರ ಗತಿ ಏನ ಯವ್ವಾ? ಈಗ ಒಂದೊಂದ ಅಕ್ಷರ ಹೊಂಡಾಕತ್ತಾವು. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹ್ಯಾಂಗ ಬರೂಣು?"

ದಾರಿಯುದ್ದಕ್ಕೂ ನಾನೂ ಬಾಳವ್ವನೂ ಮಾತಾಡಲಿಲ್ಲ. ನನ್ನದೇನೋ ರೂಢಿ. ಆಕೆ ಸುಮ್ಮನಿದ್ದದ್ದು ಭಾರವಾಯಿತು.

ಜುಲೈ ೩೦, ಮಂಗಳವಾರ

ಮೇಡಂ ಒಂದು ಉಪಾಯ ಹುಡುಕಿದ್ದಾರೆ. ಖೋಲಿಗೆ ವೆಬ್‌ಸೈಟ್ ಮಾಡಿಸುವುದು. ಈ ಸೀಮೆಯಲ್ಲಿ ಲಕ್ವಾ ಹೊಡೆದು ಮಾತು ಹೋದರೆ ಹೋಯಿತು ಅಂತಲೇ ಜನ ತಿಳಿದಿದ್ದಾರೆ. ಗೋವಾ, ಮಂಗಳೂರಿಗೆ ದುಡಿಯಲು ಹೋದವರು ಮನೆಯ ಹಿರಿಯರಿಗಾಗಿ ಫೋನಿನಲ್ಲಿ ಹುಡುಕಿದರೆ ಹುಬ್ಬಳ್ಳಿಯ ದವಾಖಾನೆಗಳೇ ಬರುತ್ತವೆ. ರೋಣದ ಖೋಲಿ ಇದೆ ಎಂದು ಯಾರಿಗೂ ಗೊತ್ತಿಲ್ಲ.

ಸ್ಕೂಟಿ ತಗೊಳ್ಳಲು ಕೂಡಿಟ್ಟ ನಲವತ್ತು ಸಾವಿರ ಅವರ ಹತ್ತಿರ ಇದೆ. ಹುಬ್ಬಳ್ಳಿಯ ಕಂಪನಿಯವರು ತೊಂಬತ್ತು ಹೇಳಿದ್ದಾರೆ. ನಮಗೆ ಅಕ್ಷರ ಬರೆದು ತೋರಿಸುವ ಹಲಗೆಯ ಮೇಲೆ ಮೇಡಂ ಖರ್ಚು ಬರೆಯುತ್ತ ಹೋದರು. ಹೆಸರಿಗೆ ಇಷ್ಟು, ಇಡುವ ಜಾಗಕ್ಕೆ ಇಷ್ಟು, ಕಟ್ಟುವ ಕೂಲಿ ಇಷ್ಟು, ಫೋಟೋಕ್ಕೆ, ಬರಹಕ್ಕೆ. ಹೆಸರಿಗೂ ಜಾಗಕ್ಕೂ ವರ್ಷ ವರ್ಷ ರೊಕ್ಕ ಕಟ್ಟಬೇಕಂತೆ. ಬಾಳವ್ವನಿಗೆ ಅದು ತಿಳಿಯಲಿಲ್ಲ. "ಹೆಸರು ಒಂದ ಸಲ ಇಟ್ಟರ ಮುಗೀತಲ್ಲ ಯವ್ವಾ. ವರ್ಷಾ ತೊಟ್ಟಲದಾಗ ಹಾಕ್ತಾರೇನ?"

ನನಗೆ ತಿಳಿಯಿತು. ಹೇಳದೆ ಇರಲಾಗಲಿಲ್ಲ. "ಲಾ... ವ... ಣಿ" ಅಂದೆ. ಭೂಮಿ ನಮ್ಮದಲ್ಲ, ವರ್ಷಕ್ಕಿಷ್ಟು ಕೊಟ್ಟು ಲಾವಣಿಗೆ ಹಿಡಿಯುವುದು. ಬಿತ್ತಿದರೆ ಪೀಕು ನಮ್ಮದು, ಬಿಟ್ಟರೆ ಇನ್ನೊಬ್ಬ ಬಂದು ರಂಟೆ ಹೊಡೆಯುತ್ತಾನೆ. ಮೇಡಂ ಕುಣಿದಾಡಿದರು. ಲೆಕ್ಕ ಅಷ್ಟು ಚೆನ್ನಾಗಿ ತಿಳಿಸಿದೆನಲ್ಲ, ಅದಕ್ಕಿರಬೇಕು.

ಆಗಸ್ಟ್ ೯, ಶುಕ್ರವಾರ, ನಾಗರಪಂಚಮಿ

ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು. ಬಾಳವ್ವ ಡಬ್ಬಿ ತುಂಬಿಸಿದ್ದಾಳೆ.

ಮಧ್ಯಾಹ್ನ ಗೌಸುಸಾಬ ಬಂದಿದ್ದ. ಪ್ರತಿ ಪಂಚಮಿಗೆ ಗಜೇಂದ್ರಗಡದಿಂದ ಉಂಡಿ ತಿನ್ನಲು ಬರುವವನು. ನಾನು ಒಳಗಿನ ಖೋಲಿಗೆ ಹೋಗಿ ಹೊದ್ದುಕೊಂಡು ಮಲಗಿದೆ. ಬಾಳವ್ವ "ಈಗ ಮಕ್ಕೊಂಡಾರ್ರೀ ಅಣ್ಣಾರ" ಅಂದಳು. ಅವನು ಹೊರಗೆ ಕಟ್ಟೆಯ ಮೇಲೆ ಭಾಳ ಹೊತ್ತು ಕೂತಿದ್ದ. ಆಮೇಲೆ "ಎದ್ದಮ್ಯಾಗ ಹೇಳ್ರಿ ವೈನಿ, ಉಂಡಿ ಈ ಸಲ ಗಟ್ಟಿ ಆಗ್ಯಾವು, ನನ್ನ ಹಲ್ಲ ಪರೀಕ್ಷೆ ಮಾಡೀರಿ ಅಂತ" ಎಂದು ಹೋದ.

ಅವನಿಗೂ ನನಗೂ ಸಂತೆಯಲ್ಲಿ ಜಗಳ, ದಾರಿಯಲ್ಲಿ ದೋಸ್ತಿ. ಅವನು ಕೊಳ್ಳುವವರ ಕಡೆ, ನಾನು ಮಾರುವವರ ಕಡೆ. ಅಮೀನಗಡದ ಸಂತೆಗೆ ದನ ಹೊಡೆದುಕೊಂಡು ಹೋಗುವಾಗ ಇಬ್ಬರೂ ಜೊತೆಗೇ. ಹುಣ್ಣಿಮೆಯ ಬೆಳಕಿನಲ್ಲಿ ಎತ್ತಿನ ಕೋಡುಗಳು ಹೊಳೆಯುತ್ತಿದ್ದವು. ನಮ್ಮ ಅಜ್ಜಿ, ಆಯಿ ಅನ್ನುತ್ತಿದ್ದೆವು, ಕಣದಲ್ಲಿ ಹೇಳಿದ ಕಥೆಗಳನ್ನು ನಾನು ಹೇಳುವುದು, ಅವನು ಹೂಂಗುಡುವುದು. ಕಥೆಗೆ ಹೂಂ ಅನ್ನುವವನು ಬೇಕು, ಇಲ್ಲದಿದ್ದರೆ ಕಥೆ ನಿಂತಲ್ಲೇ ನಿಲ್ಲುತ್ತದೆ ಎಂದು ಆಯಿ ಹೇಳುತ್ತಿದ್ದಳು. ರಾಜಕುಮಾರಿ ಸುರಂಗದಲ್ಲಿ ಇರುವಾಗಲೇ ಒಮ್ಮೆ ಗೌಸ್ಯಾ ನಡೆಯುತ್ತಲೇ ನಿದ್ದೆ ಹೋದ. ನಾನು ಕಥೆ ನಿಲ್ಲಿಸಿದೆ. ಬೆಳಗಿನ ಚಹಾದ ಹೊತ್ತಿಗೆ ಎಚ್ಚರಾಗಿ, "ಪಾಪ ಆ ಹುಡುಗಿನ್ನ ಹೊರಗ ತಗೀಲೇ, ಉಸಿರು ಕಟ್ಟೀತು" ಅಂದ.

ಅಂಥವನ ಮುಂದೆ ಈ ನಾಲಿಗೆ ಹೊರಳಿಸಲೇ? ಮಲಗಿದ್ದೇ ಸರಿ.

ಆಗಸ್ಟ್ ೧೩, ಮಂಗಳವಾರ

ಇವತ್ತು ವ್ಯಾಪಾರ ಮಾಡಿದೆ! ಏಳು ತಿಂಗಳ ಮೇಲೆ.

ವೆಬ್‌ಸೈಟ್ ಮಾಡುವವನನ್ನು ಮೇಡಂ ಗಜೇಂದ್ರಗಡದಿಂದ ಕರೆಸಿದ್ದರು. ನೋಡಿದರೆ ಅಕೀಬ, ಗೌಸುಸಾಬನ ಮೊಮ್ಮಗ. ಗಜೇಂದ್ರಗಡದಲ್ಲಿ ಫೋಟೋ ಸ್ಟುಡಿಯೋ ಇದೆ, ಕಂಪ್ಯೂಟರ್ ಕೆಲಸವನ್ನೂ ಮಾಡುತ್ತಾನೆ. ನನ್ನ ಕಾಲು ಮುಟ್ಟಿ, "ಅಜ್ಜಾರ, ನೀವು ಸಂತಿ ಹುಲಿ ಅಂತ ನಮ್ಮ ದಾದಾ ದಿನಾ ಹೇಳತಾರ" ಅಂದ. ಐವತ್ತು ಸಾವಿರ ಹೇಳಿದ. ಮೇಡಂ ಮುಖ ಬಾಡಿತು.

ನಾನು ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹೊದಿಸಿಕೊಂಡೆ. ಹುಡುಗನಿಗೆ ಗೊತ್ತಿತ್ತು! ಚಿಕ್ಕವನಿದ್ದಾಗ ಅಜ್ಜ ಆಟಕ್ಕೆ ಕಲಿಸಿದ್ದನಂತೆ. ನಗುತ್ತ ಟವೆಲಿನ ಕೆಳಗೆ ಕೈ ತೂರಿಸಿದ. "ಬೆರಳಿಗೆ ಹತ್ತು ಸಾವಿರ" ಅಂದ.

ದನದ ಸಂತೆಯಲ್ಲಿ ದರವನ್ನು ಬಾಯಿಯಲ್ಲಿ ಹೇಳುವುದಿಲ್ಲ. ಹೇಳಿದರೆ ಪಕ್ಕದವನ ಕಿವಿಗೆ ಬಿದ್ದು ವ್ಯಾಪಾರ ಕೆಡುತ್ತದೆ. ಟವೆಲಿನ ಕೆಳಗೆ ಬೆರಳು ಹಿಚುಕಿದರೆ ಆಯಿತು. ಅವನು ಐದೂ ಬೆರಳು ಹಿಡಿದ. ನಾನು ಎರಡು ಹಿಡಿದೆ. ಅವನು ನಾಲ್ಕು. ನಾನು ಮತ್ತೆ ಎರಡು, ಮೂರನೆಯದನ್ನು ಅರ್ಧ ಮಡಚಿದೆ. ಅವನ ಹಣೆ ಬೆವರಿತು. ನನ್ನ ಮುಖದಲ್ಲಿ ಏನೂ ಇಲ್ಲ. ಮೂರಕ್ಕೆ ಮುಗಿಯಿತು.

ಟವೆಲ್ ತೆಗೆದಾಗ ಮೇಡಂ "ಏನಾತ್ರಿ? ಏನಾತು?" ಅಂತ ಕೇಳುತ್ತಲೇ ಇದ್ದರು. "ಮೂವತ್ತು ಸಾವಿರಕ್ಕ ನನ್ನ ಚರ್ಮ ಸುಲದ್ರು ಅಜ್ಜಾರು" ಅಂದ ಅಕೀಬ. ನಾನೇ ನೂರೊಂದು ರೂಪಾಯಿ ಸಂಚಕಾರ ಅವನ ಕೈಯಲ್ಲಿಟ್ಟೆ. ಮುಂಗಡ ಮುಟ್ಟಿದ ಮೇಲೆ ಇಬ್ಬರೂ ಹಿಂದೆ ಸರಿಯುವಂತಿಲ್ಲ. ಉಳಿದ ಹತ್ತು ಸಾವಿರ ಮುಂದಿನ ವರ್ಷಗಳ ಲಾವಣಿಗೆ.

ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಆಗಸ್ಟ್ ೨೦, ಮಂಗಳವಾರ

ಬಾಳವ್ವ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋದಳು. ಒಬ್ಬನೇ ಹೋದೆ. "ರೋಣ ಒಂದು" ಎಂದು ಚೀಟಿ ಬರೆದುಕೊಂಡಿದ್ದೆ. ಕಂಡಕ್ಟರ್ ಚೀಟಿ ನೋಡಿ, ನನ್ನನ್ನು ಕಿವುಡನೆಂದು ತಿಳಿದು, ಕಿವಿಯ ಹತ್ತಿರ ಬಂದು ಚೀರಿದ. ಇಡೀ ಬಸ್ಸು ನನ್ನನ್ನೇ ನೋಡಿತು.

ಸೆಪ್ಟೆಂಬರ್ ೩, ಮಂಗಳವಾರ

ಅಕೀಬ ವೆಬ್‌ಸೈಟ್ ತೋರಿಸಲು ಬಂದ. ಬಾಳವ್ವನೂ ಬಂದಿದ್ದಳು.

ಕಂಪ್ಯೂಟರಿನಲ್ಲಿ ಬಂಗಾರದ ಕೂದಲಿನ ಒಂದು ಕೂಸು, ಅದರ ಮುಂದೆ ಬಿಳಿ ಕೋಟಿನ ಒಬ್ಬ ದೊರೆಸಾನಿ. ಇಬ್ಬರೂ ಹಲ್ಲು ತೋರಿಸುತ್ತಿದ್ದಾರೆ. ಕೆಳಗೆ ಪೂರಾ ಇಂಗ್ಲಿಷ್. ಬಾಳವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಇವರಿಗೇನಾಗೇತಿ ಬ್ಯಾನಿ? ಭಾಳ ಖುಷಿ ಅದಾರಲ್ಲ!"

ಮೇಡಂ ಮೆಲ್ಲಗೆ ಕೇಳಿದರು. "ಅಕೀಬ, ಕನ್ನಡ ಎಲ್ಲೈತಿ? ಓದಾಕ ಬರದವರು ಒತ್ತಿ ಕೇಳೂ ಹಂಗ ಧ್ವನಿ ಹಾಕೂದಿತ್ತಲ್ಲ?"

ಅಕೀಬ ನನ್ನನ್ನು ನೋಡಿದ. "ಮೇಡಂ, ಅದೆಲ್ಲಾ ಐವತ್ತರಾಗ ಇತ್ರಿ. ಮೂವತ್ತಕ್ಕ ಇಳಿಸಿದ್ರಲ್ಲ, ಮೂವತ್ತಕ್ಕ ಇದ ಬರೂದು. ಕನ್ನಡ ಬರಸಾಕ ಏಳು, ಹುಬ್ಬಳ್ಳಿಯಿಂದ ಧ್ವನಿ ಕೊಡಾವ್ರನ್ನ ಕರಸಾಕ ಎಂಟು. ಅಜ್ಜಾರು ಕೇಳಲಿಲ್ಲ, ನಾ ಹೇಳಲಿಲ್ಲ."

ಹೌದು, ಕೇಳಲಿಲ್ಲ. ಸಂತೆಯಲ್ಲಿ ಎತ್ತು ಕಣ್ಣ ಮುಂದೆ ನಿಂತಿರುತ್ತದೆ. ಬಾಯಿ ತೆರೆದು ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ, ಬಾಲ ಎತ್ತಿ ನೋಡುತ್ತೇವೆ. ಆಮೇಲೆ ಟವೆಲ್ ತೆಗೆಯುತ್ತೇವೆ. ಇಲ್ಲಿ ಎತ್ತೇ ಇರಲಿಲ್ಲ. ಬೆರಳ ರುಚಿ ಹತ್ತಿ, ಇಲ್ಲದ ಎತ್ತಿಗೆ ದರ ಕಟ್ಟಿದೆ.

ಸೆಪ್ಟೆಂಬರ್ ೬, ಶುಕ್ರವಾರ

ಮೇಡಂ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. "ಇರಲಿ ಬಿಡ್ರಿ ಅಜ್ಜಾರ, ಇನ್ನ ಹದಿನೈದು ಸಾವಿರ ನನ್ನ ಕಡೆ ಆಗೂದಿಲ್ಲ" ಅಂದರು. ಮೇಜಿನ ಮೇಲೆ ಹುಬ್ಬಳ್ಳಿ ದವಾಖಾನೆಯವರ ನೌಕರಿ ಅರ್ಜಿ ಇತ್ತು, ಅರ್ಧ ತುಂಬಿತ್ತು. ಇಂಗ್ಲಿಷ್ ಓದುವವರು ಮೊದಲೇ ಹುಬ್ಬಳ್ಳಿಗೆ ಹೋಗುತ್ತಾರೆ. ನಮ್ಮ ಕಡೆಯವರು ಆ ಬಂಗಾರದ ಕೂಸನ್ನು ನೋಡಿ ಇದು ನಮ್ಮದಲ್ಲ ಎಂದು ಫೋನ್ ಮಡಚಿ ಇಡುತ್ತಾರೆ.

ಸಂಚಕಾರ ಕೊಟ್ಟ ವ್ಯಾಪಾರ ಮುರಿಯಲು ಒಂದೇ ದಾರಿ. ಬೆರಳಿನಿಂದ ಕಟ್ಟಿದ್ದನ್ನು ಬಾಯಿಂದ ಬಿಚ್ಚಬೇಕು. ತಪ್ಪಿದವನು ಎದುರು ಪಾರ್ಟಿಯ ಹಿರಿಯನ ಮುಂದೆ ನಿಂತು, ನನ್ನ ಬೆರಳು ತಪ್ಪಿತು ಎಂದು ಸ್ವತಃ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಹಿರಿಯ ಹೊಸ ಮಾತಿಗೆ ಕೂರಬೇಕು. ನಮ್ಮ ಸಂತೆಯ ರೀತಿ ಅದು. ಅಕೀಬನ ಕಡೆ ಹಿರಿಯ ಯಾರು? ಗೌಸುಸಾಬ.

ಸೆಪ್ಟೆಂಬರ್ ೮, ಭಾನುವಾರ

ಓಣಿಯ ಹುಡುಗರೆಲ್ಲ ಗಣಪತಿಯ ಮುಂದೆ. ಮನೆಯಲ್ಲಿ ಯಾರೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ಕೂತು ಈ ಬರಹವನ್ನು ಮೊದಲಿಂದ ಓದಿದೆ. ಮೇವು ಮೆಲುಕು ಹಾಕುತ್ತ ಕೇಳಿತು. ನಗಲಿಲ್ಲ. ನಾಳೆ ಮತ್ತೆ ಓದಬೇಕು.

ಸೆಪ್ಟೆಂಬರ್ ೧೨, ಗುರುವಾರ

ವಿಷಯ ಇತ್ಯರ್ಥವಾಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬಾಳವ್ವನಿಗೆ ಎಲ್ಲ ತಿಳಿಸಿ ಗೌಸುಸಾಬನಿಗೆ ಫೋನ್ ಹಚ್ಚಿಸಿದೆ. ಆಕೆ ಸ್ಪೀಕರ್ ಹಾಕಿದಳು.

"ಅಣ್ಣಾರ, ನಾನ್ರಿ, ರಾಜೂರ ಬಾಳವ್ವ. ನಮ್ಮವರದೊಂದು ಮಾತೈತಿ ನಿಮ್ಮ ಕಡೆ."

"ನಿಮ್ಮವರು ಪಂಚಮಿಗೆ ಮಕ್ಕೊಂಡಿದ್ರಲ್ಲ ವೈನಿ, ಎದ್ದ್ರೇನು?"

ಬಾಳವ್ವ ನನ್ನ ಕಡೆ ನೋಡಿದಳು. ಆಮೇಲೆ ವೆಬ್‌ಸೈಟಿನ ಕಥೆ ಹೇಳಿದಳು. ಅವನು ಪೂರಾ ಕೇಳಿದ. "ತಿಳೀತ್ರಿ. ಆದ್ರ ಬೆರಳಲೆ ಕಟ್ಟಿದ್ದು ಬಾಯಿಲೆ ಬಿಚ್ಚಬೇಕು. ಅದೂ ಅವನ ಬಾಯಿಲೆ. ನಿಮ್ಮ ಬಾಯಿಲೆ ಬಿಚ್ಚಾಕ ಬರೂದಿಲ್ಲ. ಇಡ್ತೀನ್ರಿ."

"ಗೌಸ್ಯಾ!" ಅಂದೆ.

"ಯಾರಲೇ ಅವ?"

"ನಿಮ್ಮಪ್ಪ."

"ನಮ್ಮಪ್ಪನೂ ಇಷ್ಟ ಸಾವಕಾಶ ಮಾತಾಡತಿದ್ದಿಲ್ಲ. ಏನೈತಿ ಹೇಳು."

ಹೇಳಿದೆ. ಎತ್ತು ನೋಡದೆ ಬೆರಳು ಹಿಚುಕಿದೆ, ತಪ್ಪು ನಂದು ಅಂದೆ. ಒಂದೊಂದು ಮಾತಿಗೂ ಅವನು ಆ ಕಡೆಯಿಂದ "ಹೂಂ" ಅನ್ನುತ್ತಿದ್ದ. ಹೂಂ ಅಂದಾಗ ಮುಂದಿನ ಮಾತು ತಾನಾಗಿಯೇ ಬರುತ್ತದೆ, ನಡುವೆ ನಿಲ್ಲಿಸಿದರೆ ಮರ್ಯಾದೆಯಲ್ಲ.

"ನಲವತ್ತು ವರ್ಷದಾಗ ತಪ್ಪು ನಂದು ಅಂತ ನಿನ್ನ ಬಾಯಿಂದ ಕೇಳಿದ್ದು ಇದ ಮೊದಲ ನೋಡು" ಅಂದ. "ಅಮೀನಗಡದಾಗ ನನ್ನ ಪಾಲಿನ ದಲ್ಲಾಳಿ ರೊಕ್ಕ ನೀ ನುಂಗಿದಿ, ಅವಾಗೂ ಅಂದಿಲ್ಲ."

"ಏ, ನುಂಗಿದಾವ ನೀ! ಹೋರಿ ಜೋಡಿ ತೋರಿಸಿದಾವ ನಾ, ನೀ ಚಹಾ ಅಂಗಡ್ಯಾಗ ಕುಂತಿದ್ದಿ."

"ಚಹಾ ಅಂಗಡ್ಯಾಗ ಕುಂತ ಗಿರಾಕಿ ಹಿಡದಾವ ಯಾರು? ನಿಮ್ಮ ಮಾವನೇನ?"

ಅದು ಮುಗಿಯುವ ಹೊತ್ತಿಗೆ ಚಹಾ ಎರಡು ಸಲ ಬಂತು. ಆಮೇಲೆ ವ್ಯಾಪಾರಕ್ಕೆ ಕೂತೆವು. ಕನ್ನಡ ಬರಹವನ್ನು ಮೇಡಮ್ಮೇ ಬರೆಯುತ್ತಾರೆ, ಅದಕ್ಕೆ ರೊಕ್ಕ ಇಲ್ಲ ಅಂದೆ. ಹಾಕುವ ಕೂಲಿ ಕೊಡಬೇಕಲ್ಲ ಅಂದ. ಎರಡು ಸಾವಿರ ಅಂದೆ. ನಕ್ಕ. ಆರು ಅಂದ. ನಾನೂ ನಕ್ಕೆ. ನಾಲ್ಕಕ್ಕೆ ಬಂತು. ವೆಬ್‌ಸೈಟಿನ ಹೆಸರು ಅನಿತಾ ಮೇಡಂ ಹೆಸರಿನಲ್ಲೇ ಇರಬೇಕು, ಪಾವತಿ ಚೀಟಿ ಯಾವಾಗಲೂ ಕೊಂಡವರ ಹೆಸರಿಗೆ ಅಂದೆ. ಅದು ನ್ಯಾಯ ಅಂದ. ಫೋಟೋಕ್ಕೆ ಬಂಗಾರದ ಕೂಸು ಬೇಡ, ನಮ್ಮ ಖೋಲಿಯದೇ ತೆಗೆಯಬೇಕು ಅಂದೆ. ಅದು ಪುಕ್ಕಟೆ ಅಂದ. ಉಳಿದದ್ದು ಧ್ವನಿಯ ಎಂಟು ಸಾವಿರ.

"ಅದನ್ನ ನೀನ ಕೊಡು" ಅಂದ.

"ಎಂಟು ಸಾವಿರ ನಾ ಎಲ್ಲಿಂದ ತರಲಿ?"

"ರೊಕ್ಕ ಅಲ್ಲಲೇ. ಧ್ವನಿ."

ಎಂಟು ಸಾವಿರ ಉಳಿಯುತ್ತದೆ ಅಂದರೆ ಬೇಡ ಅನ್ನುವ ದಲ್ಲಾಳಿ ಎಲ್ಲಿದ್ದಾನೆ? ಹೂಂ ಅಂದೆ.

ಒಟ್ಟು ಮೂವತ್ತನಾಲ್ಕು. ಲಾವಣಿಗೆ ಆರು ಉಳಿಯಿತು. ಮೂರೂವರೆಗೆ ಒಪ್ಪುತ್ತಿದ್ದ, ಮೊದಲೇ ಅಮೀನಗಡದ ಮಾತು ತೆಗೆದು ನನ್ನ ಧ್ಯಾನ ತಪ್ಪಿಸಿದ. ಬಾಳವ್ವ ಎರಡನೆಯ ಚಹಾ ಕೊಟ್ಟಾಗಿನಿಂದ ಅಡಿಗೆಮನೆಯ ಬಾಗಿಲಿಗೆ ಆತುಕೊಂಡು ನಿಂತೇ ಇದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಮದುವೆಯಾದಂದಿನಿಂದ ಆಕೆ ರೊಟ್ಟಿ ಸುಟ್ಟಿದ್ದನ್ನು ನಾನು ನೋಡಿರಲಿಲ್ಲ. ಆಕೆಗೂ ವಯಸ್ಸಾಯಿತು.

ಸೆಪ್ಟೆಂಬರ್ ೧೭, ಮಂಗಳವಾರ

ಕಂಡಕ್ಟರ್ ಎರಡು ರೂಪಾಯಿ ಚಿಲ್ಲರೆ ಕೊಡಲಿಲ್ಲ. ಕೇಳಿದರೆ ಇಳಿಯುವಾಗ ಅಂದ. ಇಳಿಯುವಾಗ ಕೇಳಿದರೆ ನಾಳೆ ಅಂದ. ಬಸ್ಸು ತಡೆದು ಅವನ ಜನ್ಮ ಜಾಲಾಡಿ ಎರಡು ರೂಪಾಯಿ ಇಸಿದುಕೊಂಡೇ ಇಳಿದೆ. ಕಾಲ ಕೆಟ್ಟಿದೆ.

ಸೆಪ್ಟೆಂಬರ್ ೨೫, ಬುಧವಾರ

ಗಜೇಂದ್ರಗಡದಲ್ಲಿ ಅಕೀಬನ ಸ್ಟುಡಿಯೋ. ಗುಡ್ಡದ ಕೋಟೆ ಕಿಟಕಿಯಿಂದ ಕಾಣುತ್ತದೆ. ಮೊದಲು ಸಂತೆಗೆ ಬಂದಾಗ ಆ ಕೋಟೆಯ ನೆರಳು ನೋಡಿ ಹೊತ್ತು ಹೇಳುತ್ತಿದ್ದೆವು.

ಮೈಕಿನ ಮುಂದೆ ಕೂತರೆ ಮಾತೇ ಬರಲಿಲ್ಲ. ನಾಲಿಗೆ ಮತ್ತೆ ಕೊರಡು. ಮೇಡಂ ನೀರು ಕೊಟ್ಟರು. ಅಕೀಬ ಹೆದರಬೇಡಿ ಅಂದ. ಹೆದರಿಕೆ ಅಲ್ಲ, ಎದುರಿಗೆ ಯಾರೂ ಇಲ್ಲವಲ್ಲ! ಗೋಡೆಗೆ ಯಾರಾದರೂ ಕಥೆ ಹೇಳುತ್ತಾರೆಯೇ?

ಗೌಸುಸಾಬ ಹೊರಗೆ ಕೂತವನು ಎದ್ದು ಒಳಗೆ ಬಂದ. ಪಂಚಮಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸ್ಟೂಲು ಎಳೆದುಕೊಂಡು ಮೊಳಕಾಲಿಗೆ ಮೊಳಕಾಲು ಹತ್ತುವಂತೆ ಕೂತು, "ಹೂಂ, ಹೇಳು" ಅಂದ.

"ನಾನು ರಾಜೂರಿನ ಅಂದಾನೆಪ್ಪ."

"ಹೂಂ."

"ಸಂಕ್ರಾಂತಿ ಆದಮ್ಯಾಗ ನನಗ ಲಕ್ವಾ ಹೊಡೀತು."

"ಹೂಂ."

"ಮಾತು ಹೋತು. ಮಂದಿ ಮುಂದ ಬಾಯಿ ತಗಿಯಾಕ ನಾಚಿಕಿ ಬರತಿತ್ತು."

"ಹೂಂ" ಅಂದ, ಈ ಸಲ ಮೆತ್ತಗೆ.

ಅಕೀಬ ಹಣೆ ಬಡಿದುಕೊಂಡ. "ದಾದಾ, ನೀ ಸುಮ್ಮಕುಂದರು, ನಿಂದೂ ರೆಕಾರ್ಡ್ ಆಗಾಕತ್ತೈತಿ!" ಗೌಸ್ಯಾ ಸುಮ್ಮನೆ ಕೂತರೆ ನನ್ನ ಮಾತು ನಿಲ್ಲುತ್ತದೆ, ಹೂಂ ಅಂದರೆ ಅಕೀಬನ ರೆಕಾರ್ಡು ಕೆಡುತ್ತದೆ. ಕಡೆಗೆ ಅಕೀಬನೇ ಸೋತು, ಎಲ್ಲವನ್ನೂ ಹಿಡಿದುಕೊಂಡು ಆಮೇಲೆ ಒಂದೊಂದೇ ಹೂಂ ಕತ್ತರಿಸಿ ತೆಗೆಯುತ್ತೇನೆ ಅಂದ. ನಮ್ಮ ಆಯಿಯ ಒಂದು ಕಥೆಯನ್ನೂ ಹೇಳಿಬಿಟ್ಟೆ. ಅದು ವೆಬ್‌ಸೈಟಿಗೆ ಬೇಕಾಗಿರಲಿಲ್ಲ.

ಸುರಂಗದ ರಾಜಕುಮಾರಿಯ ಕಥೆ. ಈ ಸಲ ಗೌಸ್ಯಾ ನಿದ್ದೆ ಮಾಡಲಿಲ್ಲ.

ಅಕ್ಟೋಬರ್ ೧೨, ಶನಿವಾರ

ದಸರೆಯ ಬನ್ನಿ. ಓಣಿ ಓಣಿ ತಿರುಗಿ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂದು ಅಂದು ಗಂಟಲು ಒಣಗಿತು. ಹೋದ ಮನೆಯಲ್ಲೆಲ್ಲ ಕೂರಿಸಿ ಮಾತಾಡಿಸುತ್ತಾರೆ. ಊಟಕ್ಕೆ ತಡವಾಯಿತು ಎಂದು ಬಾಳವ್ವ ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

ಅಕ್ಟೋಬರ್ ೨೨, ಮಂಗಳವಾರ

ವೆಬ್‌ಸೈಟ್ ಶುರುವಾಗಿ ವಾರವಾಯಿತು. ಮೇಲೆ ಕನ್ನಡ, ಕೆಳಗೆ ಕನ್ನಡ. ನಮ್ಮ ಖೋಲಿಯ ಹಲಗೆ, ನಾಲ್ಕು ವರ್ಷದ ನನ್ನ ಸಹಪಾಠಿ ನಾಲಿಗೆ ಚಾಚಿ ನಿಂತ ಫೋಟೋ. ಒತ್ತಿದರೆ ನನ್ನ ಧ್ವನಿ. ಒಂದು ಕಡೆ ಅಕೀಬನ ಕತ್ತರಿ ತಪ್ಪಿ ಒಂದು ಹೂಂ ಉಳಿದಿದೆ. ತೆಗೆಯಲೇ ಅಂತ ಕೇಳಿದ. ಮೇಡಂ ಬೇಡ ಅಂದರು.

ಆದರೆ ಫೋನ್ ಒಂದೂ ಬಂದಿಲ್ಲ. ಮುಂದಿನ ವಾರ ದೀಪಾವಳಿ. ಹುಬ್ಬಳ್ಳಿಯವರಿಗೆ ಅಷ್ಟರೊಳಗೆ ಉತ್ತರ ಕೊಡಬೇಕು. ಮೇಡಂ ಪಾಠ ಹೇಳುತ್ತಲೇ ಮೇಜಿನ ಮೇಲಿನ ಫೋನು ನೋಡುತ್ತಾರೆ. ಸಂತೆಯಲ್ಲಿ ಮಾರಾಟವಾಗದ ದನದ ಹಗ್ಗ ಹಿಡಿದು ಹೊತ್ತು ಮುಳುಗುವ ತನಕ ನಿಂತ ರೈತರನ್ನು ನೋಡಿದ್ದೇನೆ. ಹಾಗೆ ನೋಡುತ್ತಾರೆ.

ಅಕ್ಟೋಬರ್ ೨೯, ಮಂಗಳವಾರ

ಬರೆಯಲು ಕೂತರೂ ಸಿಟ್ಟು ಇಳಿದಿಲ್ಲ.

ಹೋದ ಗುರುವಾರ ಒಂದು ಫೋನು ಬಂತಂತೆ, ನಿನ್ನೆ ಒಂದು. ಇಬ್ಬರೂ ವಿಚಾರಿಸಿ ಇಟ್ಟರಂತೆ. ಇವತ್ತು ಮೇಡಂ ಒಳಗೆ ಹುಡುಗನಿಗೆ ಪಾಠ ಹೇಳುತ್ತಿದ್ದಾಗ ಮೂರನೆಯದು ಬಂತು. "ಅಜ್ಜಾರ, ಸ್ವಲ್ಪ ಎತ್ತರಿ" ಅಂದರು. ಎತ್ತಿದೆ.

"ಮಾತಿನ ದವಾಖಾನಿ ಏನ್ರಿ?"

"ಹೌದ್ರಿ. ಯಾರ್ರಿ ನೀವು?"

"ನಾ ಚಿಕ್ಕನರಗುಂದದ ಉಮೇಶ ಅಂತ್ರಿ. ಗೋವಾದಾಗ ದುಡೀತೀನಿ, ಹಬ್ಬಕ್ಕ ಬಂದೀನಿ. ನಮ್ಮಪ್ಪಗ ಲಕ್ವಾ ಹೊಡದು ಮಾತು ನಿಂತಾವ್ರಿ. ಯಾರ ಕೂಡಾನೂ ಕೂಡೂದಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಕ್ಕೊಂಡಬಿಡ್ತಾನ. ಫೋನಿನ್ಯಾಗ ನಿಮ್ಮದು ಹಾಕಿ ಕೇಳಿಸಿದೆ. ಅದರಾಗ ಒಬ್ಬ ಅಜ್ಜ ಮಾತಾಡ್ಯಾನಲ್ಲ, ಮಾತು ಹೋಗಿತ್ತು ಅಂತ? ಅದನ್ನ ಕೇಳಿ ನಮ್ಮಪ್ಪ ಈ ಕಡೆ ಹೊಳ್ಳಿದ. ಆ ಅಜ್ಜನ ಕೂಡ ಮಾತಾಡಬೇಕಾಗಿತ್ತು."

"ನಾನ ಅವ. ಹೇಳ್ರಿ."

"ಏ, ಚ್ಯಾಷ್ಟಿ ಮಾಡಬ್ಯಾಡ್ರಿ."

"ಖರೇನ ನಾನ ರೀ. ಅಂದಾನೆಪ್ಪ."

"ಲಕ್ವಾ ಹೊಡದಾವ್ರ ಮಾತು ಹ್ಯಾಂಗಿರತೈತಿ ನನಗ ಗೊತ್ತಿಲ್ಲೇನ್ರಿ? ಮನ್ಯಾಗ ಅಪ್ಪ ಅದಾನ. ನೀವು ನೋಡಿದ್ರ ನನಗಿಂತ ಚಲೋ ಮಾತಾಡಾಕತ್ತೀರಿ. ನನಗ ಮೊದಲ ಡೌಟು ಇತ್ತು. ಯಾರಿಗರ ರೊಕ್ಕಾ ಕೊಟ್ಟು ಮಾತಾಡಿಸಿರಬೇಕು."

"ರೊಕ್ಕಾ ಕೊಟ್ಟು? ಎಂಟು ಸಾವಿರ ಉಳಿಸಿದಾವ್ನಪಾ ನಾನು! ಗಜೇಂದ್ರಗಡ ಸಂತ್ಯಾಗ ಯಾರನ್ನರ ಕೇಳು, ದಲ್ಲಾಳಿ ಅಂದಾನೆಪ್ಪ ಯಾರು ಅಂತ!"

"ನೋಡ್ರಿ ಮತ್ತ. ದಲ್ಲಾಳಿ ಅಂತ ನೀವ ಹೇಳ್ತೀರಿ, ನಂಬಂತನೂ ಹೇಳ್ತೀರಿ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಸಂಕ್ರಾಂತಿಯಿಂದ ಮೊದಲು ಮಾಡಿ ಎಲ್ಲ ಹೇಳಿದೆ. ಹೇಳಿದಷ್ಟೂ ಅವನ ಸಂಶಯ ಹೆಚ್ಚಾಯಿತು. ಕಡೆಗೆ, "ನಾಳೆ ಅಪ್ಪನ್ನ ಕರಕೊಂಡು ಬರ್ತೀನ್ರಿ. ಕಣ್ಣಾರೆ ನೋಡ್ತೀನಿ. ಸುಳ್ಳಾತಂದ್ರ ಮಾತ್ರ ಸುಮ್ಮನ ಬಿಡೂದಿಲ್ಲ" ಎಂದು ಫೋನ್ ಇಟ್ಟ.

ಮೇಡಂ ಹೊರಗೆ ಬಂದು ಯಾರು ಅಂತ ಕೇಳಿದರು. ಸಿಟ್ಟಿನಲ್ಲಿ ಒಂದೇ ಉಸಿರಿಗೆ ಹೇಳಿದೆ. ಅವರು ನಗುತ್ತ ಕುರ್ಚಿಯಲ್ಲಿ ಕೂತರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಆಮೇಲೆ ಹುಬ್ಬಳ್ಳಿಗೆ ಫೋನ್ ಮಾಡಿ, "ನಾ ಬರೂದಿಲ್ರಿ" ಅಂದರು. ಅಷ್ಟು ಅವಸರ ಯಾಕೋ, ಬರುವವನು ಇನ್ನೂ ಬಂದಿಲ್ಲ.

ನಲವತ್ತು ವರ್ಷ ಸಂತೆಯಲ್ಲಿ ಕುಂಟುವ ಎತ್ತಿಗೆ ದಾರಿ ನಡೆದು ದಣಿದಿದೆ ಅಂದರೂ ಜನ ನಂಬಿದರು. ಇವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನಂಬಲಿಲ್ಲ. ನಾಳೆ ನನ್ನ ಪಾಠದ ದಿನವಲ್ಲ. ಆದರೂ ಮೊದಲ ಬಸ್ಸಿಗೆ ರೋಣಕ್ಕೆ ಹೋಗುತ್ತೇನೆ. ಬರಲಿ ಅವನು, ಅಪ್ಪನನ್ನೂ ಕರೆದುಕೊಂಡು ಬರಲಿ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮಧ್ಯಾಹ್ನದ ತನಕ ಮಾತಾಡುತ್ತೇನೆ. ಆಗ ನಂಬದೆ ಎಲ್ಲಿಗೆ ಹೋಗುತ್ತಾನೆ, ನೋಡೇಬಿಡುತ್ತೇನೆ.